ಮುನ್ನೂರು ವರ್ಷ ಕಳವಾಗ್ಯಾವೇನ್ರಿ ಮಾಸ್ತರ?

ಹೋದ ಸಂಚಿಕಿಯಾಗ ಐಹೊಳಿ ಶಾಸನದ ಬಗ್ಗೆ ನಾಕು ಸಾಲು ಬರದಿದ್ದೆ, ಅಷ್ಟಕ್ಕ ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಇತಿಹಾಸದ್ದ ಆಗ್ಯಾವ. ಅದೂ ಶಾಲಿ ಪುಸ್ತಕದ ಇತಿಹಾಸ ಅಲ್ಲ, "ಪುಸ್ತಕದಾಗ ಇರೋದೆಲ್ಲಾ ಸುಳ್ಳಂತಲ್ರಿ" ಅನ್ನೋ ಇತಿಹಾಸ. ಮೊದಲ ಹೇಳಿಬಿಡ್ತೀನಿ, ನಾನು ಇತಿಹಾಸ ಓದಿದಾಂವ ಅಲ್ಲ, ಹುಬ್ಬಳ್ಳಿಯಾಗ ಮೂವತ್ತು ವರ್ಷ ಹೈಸ್ಕೂಲ್ ಹುಡುಗರಿಗೆ ಗಣಿತ ಕಲಿಸಿದಾಂವ, ರವಿವಾರ ಬಂತಂದ್ರ ಸ್ಕೂಟರ್ ತಗೊಂಡು ಗುಡಿ ಸುತ್ತೋ ಚಟ ಐತಿ. ಅಷ್ಟ ನನ್ನ ಕ್ವಾಲಿಫಿಕೇಶನ್ನು.

ಪ್ರಶ್ನೆ: ಮಾಸ್ತರ್ರ, ನಾನು ಡಿಗ್ರಿ ಎರಡನೇ ವರ್ಷ ಓದಾಕತ್ತೇನಿ. ಯೂಟ್ಯೂಬ್‌ನ್ಯಾಗ ಒಂದು ವಿಡಿಯೋ ನೋಡಿದೆ, ಇಸ್ವಿ 614ರಿಂದ 911ರ ತನಕ ಕಾಲನ ಇರಲಿಲ್ಲಂತ, ಆ 297 ವರ್ಷ ಯುರೋಪಿನ ರಾಜಾ ಮತ್ತ ಪೋಪ್ ಕೂಡಿ ಕಾಗದದ ಮ್ಯಾಲೆ ಸೇರಿಸಿದ್ದಂತ, ಲೆಕ್ಕ ಹಾಕಿದ್ರ ನಾವು ಈಗ 1720-30ರ ಆಸುಪಾಸು ಅದೀವಂತ. ಗೆಳೆಯಾರಿಗೆ ಹೇಳಿದ್ರ ನಗ್ತಾರ, ಆದ್ರ ಅವರಿಗೂ ಅದು ಯಾಕ ಸುಳ್ಳು ಅಂತ ಹೇಳಾಕ ಬರವಲ್ದು. ನೀವ ಹೇಳ್ರಿ.
— ಓದುಗ, ಗದಗ-ಬೆಟಗೇರಿ

ಉತ್ತರ: ನಗೋರು ನಗಲಿ ತಮ್ಮಾ, ನೀ ಕೇಳಿದ್ದು ಚಲೋ ಆತು. ಇದು ಹೆರಿಬರ್ಟ್ ಇಲ್ಲಿಗ್ ಅನ್ನೋ ಜರ್ಮನ್ ಲೇಖಕ 1991ರಾಗ ಎತ್ತಿದ ವಾದ. ಮೂರನೇ ಓಟೊ ಅನ್ನೋ ಚಕ್ರವರ್ತಿಗೆ ತಾನು ಇಸ್ವಿ 1000ದಾಗ ಪಟ್ಟದ ಮ್ಯಾಲೆ ಇರಬೇಕು ಅನ್ನೋ ಹುಚ್ಚು ಇತ್ತು, ಪೋಪ್ ಎರಡನೇ ಸಿಲ್ವೆಸ್ಟರ್ ಆತನ ಜೊತಿಗೆ ಸೇರಿ ಕ್ಯಾಲೆಂಡರ್ ಮುಂದ ಸರಿಸಿದ, ನಡುವ ಖಾಲಿ ಉಳಿದ ಜಾಗಾದಾಗ ಶಾರ್ಲಮೇನ್ ಅನ್ನೋ ಇಲ್ಲದ ರಾಜನ್ನ ಹುಟ್ಟಿಸಿ ಕುಂಡ್ರಿಸಿದ್ರು, ಇದು ಆತನ ಕಥಿ.

ಆತನ ಹಂತ್ಯಾಕ ಒಂದು ಲೆಕ್ಕ ಐತಿ, ಅದನ್ನ ನೋಡಿದ್ರ ಗಣಿತದ ಮಾಸ್ತರಗೂ ಒಂದು ಸಲ ಹೌದಲ್ಲ ಅನಸ್ತೈತಿ. ಜೂಲಿಯಸ್ ಸೀಸರ್ ಕ್ರಿಸ್ತಪೂರ್ವ 45ರಾಗ ಮಾಡಿದ ಕ್ಯಾಲೆಂಡರ್ ಸೂರ್ಯನಿಗಿಂತ 128 ವರ್ಷಕ್ಕ ಒಂದು ದಿವಸ ಹಿಂದ ಬೀಳ್ತೈತಿ. ಅದನ್ನ 1582ರಾಗ ಪೋಪ್ ಗ್ರೆಗರಿ ರಿಪೇರಿ ಮಾಡಿಸಿದ. ಸೀಸರ್‌ನಿಂದ ಅಲ್ಲೀತನಕ 1626 ವರ್ಷ, 128ರಿಂದ ಭಾಗಿಸು, 12.7 ಬರ್ತೈತಿ, ಅಂದ್ರ 13 ದಿವಸ ತಗೀಬೇಕಿತ್ತು. ಆದ್ರ ಗ್ರೆಗರಿ ತಗದದ್ದು 10 ದಿವಸ. ಮೂರು ದಿವಸ ಕಡಿಮಿ ಬಿತ್ತಲ್ಲ, ಮೂರು ದಿವಸ ಅಂದ್ರ ಸುಮಾರು ಮುನ್ನೂರ ಎಂಬತ್ತು ವರ್ಷ, ನೋಡ್ರಿ ಕಳ್ಳ ಸಿಕ್ಕ ಅಂತಾನ ಇಲ್ಲಿಗ್. ನಾನೂ ಮೊದಲ ಸಲ ಓದಿದಾಗ ಚಾ ಆರಿ ಹೋಗೂ ತನಕ ಪೆನ್ಸಿಲ್ ಹಿಡಕೊಂಡು ಕುಂತಿದ್ದೆ. ಹಕೀಕತ್ತು ಏನಂದ್ರ ಗ್ರೆಗರಿ ಕ್ಯಾಲೆಂಡರನ್ನ ಸೀಸರ್ ಕಾಲಕ್ಕ ಒಯ್ಯಬೇಕಂತ ಹೊಂಟಾಂವ ಅಲ್ಲ. ಆತಗ ಬೇಕಾಗಿದ್ದು ಈಸ್ಟರ್ ಹಬ್ಬದ ಲೆಕ್ಕ, ಅದು ನಿಂತದ್ದು ಇಸ್ವಿ 325ರಾಗ ಕ್ರಿಸ್ತಿ ಧರ್ಮಗುರುಗಳು ಕೂಡಿದ ನೈಸಿಯಾ ಸಭಾದ ಮ್ಯಾಲೆ. 325ರಿಂದ 1582ಕ್ಕ 1257 ವರ್ಷ, 128ರಿಂದ ಭಾಗಿಸಿದ್ರ 9.8. ಹತ್ತು ದಿವಸ. ಲೆಕ್ಕ ಸರಿ ಐತಿ, ಯಾವ ಕಳ್ಳನೂ ಇಲ್ಲ, ಇಲ್ಲಿಗ್ ಎಣಿಸಾಕ ಶುರು ಮಾಡಿದ ಜಾಗಾನ ತಪ್ಪು.

ಇದು ಯುರೋಪಿನ ಉಸಾಬರಿ ಆತು, ಈಗ ನಮ್ಮ ಕಡೆ ಬಾ. 614ರಿಂದ 911 ಅಂದ್ರ ಯಾರ ಕಾಲ ಅಂತ ವಿಡಿಯೋದಾಂವ ಹೇಳಿದನೇನು? ಹೇಳಿರಂಗಿಲ್ಲ, ಆತಗ ಗೊತ್ತಿದ್ರಲ್ಲ ಹೇಳಾಕ. ಇಮ್ಮಡಿ ಪುಲಿಕೇಶಿ ಹೋದ, ಐಹೊಳಿ ಮೇಗುತಿ ಗುಡಿ ಹೋತು, ಪಟ್ಟದಕಲ್ಲಿನಾಗ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಹೋತು, ದಂತಿದುರ್ಗ ಹೋದ, ಎಲ್ಲೋರದ ಕೈಲಾಸ ಹೋತು, ಅಮೋಘವರ್ಷ ನೃಪತುಂಗ ಹೋದ, ಆತನ ಆಸ್ಥಾನದ ಕವಿರಾಜಮಾರ್ಗನೂ ಹೋತು. ಜರ್ಮನಿಯಾಗ ಒಬ್ಬ ರಾಜನ್ನ ಅಳಸಾಕ ಹೋಗಿ ನಮ್ಮ ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು ಇಬ್ಬರನ್ನೂ ಗುಡಿಸಿ ಹಾಕಿದಂಗ ಆತು. ಇನ್ನ ಪುಲಿಕೇಶಿಯ ರಾಜ್ಯ ನೋಡಿ ಬರದಿಟ್ಟ ಚೀನಾದ ಹ್ಯೂಯೆನ್‌ತ್ಸಾಂಗ್, ಇಸ್ವಿ 851ರ ಹೊತ್ತಿಗೆ ರಾಷ್ಟ್ರಕೂಟ ರಾಜನ್ನ ಬಲ್ಹರಾ ಅಂತ ಕರದು ಜಗತ್ತಿನ ನಾಕು ದೊಡ್ಡ ರಾಜರೊಳಗ ಒಬ್ಬ ಅಂದ ಅರಬ ವ್ಯಾಪಾರಿ ಸುಲೈಮಾನ್, ಇವರೆಲ್ಲಾ ಓಟೊ ರಾಜನ ಪಿತೂರಿಗೆ ಸಹಿ ಹಾಕಿದ್ರಂತ ನಂಬಬೇಕಾಗ್ತೈತಿ.

ಒಂದು ಕಲ್ಲು ತೋರಿಸ್ತೀನಿ ನೋಡು. ಹಳೇ ಧಾರವಾಡ ಜಿಲ್ಲಾದ ಶಿರೂರ ಶಾಸನ, ಅಮೋಘವರ್ಷಂದು. ಅದರಾಗ ಶಕ 788 (ಶಕಕ್ಕ 78 ಕೂಡಿಸಿದ್ರ ಇಸ್ವಿ ಬರ್ತೈತಿ), ವ್ಯಯ ಸಂವತ್ಸರ, ರಾಜ ಪಟ್ಟಕ್ಕ ಬಂದು ಐವತ್ತೆರಡನೇ ವರ್ಷ, ಜ್ಯೇಷ್ಠದ ಅಮಾವಾಸಿ, ಆದಿತ್ಯವಾರ, ಸೂರ್ಯಗ್ರಹಣ ಅಂತ ಐತಿ. ಅದರ ಅವಳಿಯಂಥಾ ಇನ್ನೊಂದು ಶಾಸನ ನಿಮ್ಮ ಗದಗಿನ ಹತ್ರನ, ಮುಳಗುಂದದ ಬಾಜೂಕ ನೀಲಗುಂದದಾಗ. ಈಗ ಲೆಕ್ಕ ಹಾಕಿ ನೋಡಿದ್ರ ಆ ಅಮಾವಾಸಿ ಬರೋದು 866ರ ಜೂನ್ 16ಕ್ಕ. ವಾರ ರವಿವಾರ. ಅವತ್ತು ಸೂರ್ಯಗ್ರಹಣ ಆಗಿದ್ದೂ ಖರೇ. ನಾನು ಕೈಲೆ ವಾರ ತಗದು ನೋಡೇನಿ, ಅಮಾವಾಸಿನೂ ತಗದೇನಿ, ಎರಡೂ ಹೊಂದ್ತಾವ. 866 ಅನ್ನೋ ವರ್ಷನ ಹುಟ್ಟಲಿಲ್ಲ ಅಂದ್ರ ಈ ಕಡೀ ಕಲ್ಲುಕುಟಿಗಗ ಆಗದ ವರ್ಷದ ಆಗದ ಗ್ರಹಣ, ಅದೂ ವಾರದ ಸಮೇತ ಹೆಂಗ ಗೊತ್ತಾತು?

ಇನ್ನೊಂದು ಹೇಳಿ ಮುಗಸ್ತೀನಿ. ಹ್ಯಾಲಿ ಧೂಮಕೇತು 75-77 ವರ್ಷಕ್ಕ ಒಮ್ಮೆ ಬರ್ತೈತಿ. 607ರಾಗ ಬಂತು, ಆಮ್ಯಾಲೆ 684, 760, 837, 912. ಚೀನಾದವರು ಇವನ್ನ ಬರದು ಇಟ್ಟಾರ. ನಡುವಿನ 297 ವರ್ಷ ಕಿತ್ತು ಹಾಕಿದಿ ಅಂದ್ರ 607ರ ಧೂಮಕೇತು ಎಂಟ ವರ್ಷಕ್ಕ ತಿರುಗಿ ಬಂದಂಗ ಆತು, ಇದನ್ನ ನಿನ್ನ ಗೆಳೆಯಾರಿಗೆ ಹೇಳು.

ಪ್ರಶ್ನೆ: ನೀವು ಗಣಿತದವರು, ಅದಕ್ಕ ಕೇಳಾಕತ್ತೇನಿ. ರಷ್ಯಾದ ಫೊಮೆಂಕೊ ದೊಡ್ಡ ಗಣಿತಜ್ಞ, ಮಾಸ್ಕೋ ಯೂನಿವರ್ಸಿಟಿ ಪ್ರೊಫೆಸರು. ಪ್ರಾಚೀನ ಇತಿಹಾಸ ಅಂಬೋದೆಲ್ಲಾ ಮಧ್ಯಯುಗದ ಇತಿಹಾಸದ ಪಡಿಯಚ್ಚು, ಒಂದ ರಾಜಮನೆತನವನ್ನ ಎರಡು ಮೂರು ಸಲ ಬ್ಯಾರೆ ಬ್ಯಾರೆ ಹೆಸರಿನ್ಯಾಗ ಬರದಾರ ಅಂತ ಅವರು ಅಂಕಿಸಂಖ್ಯಿ ಇಟ್ಟು ತೋರಿಸ್ಯಾರಂತಲ್ಲ. ಅಷ್ಟು ದೊಡ್ಡವರು ಸುಮ್ಮನ ಹೇಳ್ತಾರೇನ್ರಿ?
— ಬ್ಯಾಂಕ್ ನೌಕರ, ಧಾರವಾಡ

ಉತ್ತರ: ದೊಡ್ಡವರು ಸುಮ್ಮನ ಹೇಳಂಗಿಲ್ರಿ, ಭಾಳ ವಿಚಾರ ಮಾಡೇ ತಪ್ಪು ಹೇಳ್ತಾರ. ನ್ಯೂಟನ್ ಸಾಹೇಬ ಕಡೀಗಾಲಕ್ಕ ಗ್ರೀಕರ ಇತಿಹಾಸದಾಗ ನೂರಾರು ವರ್ಷ ಕತ್ತರಿ ಹಾಕಿ ಒಂದು ಪುಸ್ತಕ ಬರದಿದ್ದ, ಆತ ಸತ್ತ ಮರುವರ್ಷ 1728ಕ್ಕ ಅಚ್ಚಾತು, ಇವತ್ತು ಅದನ್ನ ಯಾರೂ ಒಪ್ಪಂಗಿಲ್ಲ, ಆದ್ರ ಗುರುತ್ವಾಕರ್ಷಣಕ್ಕ ಏನೂ ಧಕ್ಕಿ ಆಗಿಲ್ಲ. ಅದೇ ಕಾಲದಾಗ ಫ್ರಾನ್ಸಿನಾಗ ಜೀನ್ ಹಾರ್ಡೂಯಿನ್ ಅಂತ ಒಬ್ಬ ಪಾದ್ರಿ, ಮಹಾ ಪಂಡಿತ, ಗ್ರೀಕ್ ಲ್ಯಾಟಿನ್ ಪುಸ್ತಕ ಬೆರಳೆಣಿಕಿ ಬಿಟ್ಟು ಉಳಕಿದ್ದೆಲ್ಲಾ ಮಠದಾಗ ಕುಂತು ಬರದ ಖೊಟ್ಟಿ ಅಂದ. ಫೊಮೆಂಕೊಗ ದಾರಿ ಹಾಕಿಕೊಟ್ಟಾಂವ ನಿಕೊಲಾಯ್ ಮೊರೊಝೊವ್, ಝಾರ್ ಸರ್ಕಾರದ ಜೇಲಿನಾಗ 1881ರಿಂದ 1905ರ ತನಕ ಕುಂತ ಕ್ರಾಂತಿಕಾರಿ. ಇಪ್ಪತ್ನಾಕು ವರ್ಷ ನಾಕು ಗ್ವಾಡಿ ನಡುವ ಕುಂತ ಮನಶ್ಯಾಗ ಕಾಲದ ಲೆಕ್ಕದ ಮ್ಯಾಲೆ ಸಂಶಯ ಬಂದ್ರ ನಾನಂತೂ ಬೈಯಂಗಿಲ್ರಿ.

ಈಗ ನನ್ನ ಮರ್ಯಾದಿ ನಾನ ಕಳಕೊಳ್ತೀನಿ ಕೇಳ್ರಿ. ಫೊಮೆಂಕೊ ಹೆಸರು ಕೇಳೋ ಮೊದಲ ನಾನೂ ಒಂದು ಫೊಮೆಂಕೊ ಆಗಿದ್ದೆ. ನೌಕರಿಗೆ ಸೇರಿ ಏಳೆಂಟು ವರ್ಷ ಆಗಿತ್ತು, ಇನ್ನೂರು ಪೇಜಿನ ನೋಟ್‌ಬುಕ್ ಒಂದು ಮಾಡಿದ್ದೆ, ನಡುವ ಗೀಟು ಎಳದು ಎಡಕ್ಕ ಬಾದಾಮಿ ಚಾಲುಕ್ಯರು, ಬಲಕ್ಕ ಕಲ್ಯಾಣ ಚಾಲುಕ್ಯರು. ಎಡಕ್ಕ ವಿಕ್ರಮಾದಿತ್ಯ, ಬಲಕ್ಕೂ ವಿಕ್ರಮಾದಿತ್ಯ. ಎಡಕ್ಕ ಪುಲಿಕೇಶಿಗೆ ಸತ್ಯಾಶ್ರಯ ಅಂತ ಬಿರುದು, ಬಲಕ್ಕ ಇರಿವಬೆಡಂಗ ಸತ್ಯಾಶ್ರಯ ಅಂತ ರಾಜನ ಅದಾನ. ಇವರಿಗೆ ತಮಿಳು ಕಡೀ ಪಲ್ಲವರು ವೈರಿ, ಅವರಿಗೆ ಅದ ದಿಕ್ಕಿನ ಚೋಳರು. ಇವರನ್ನ ಕೈಕೆಳಗಿನ ದಂತಿದುರ್ಗ ಎದ್ದು ಮುಗಿಸಿದ, ಅವರನ್ನ ಕೈಕೆಳಗಿನ ಬಿಜ್ಜಳ. ನೋಡ್ತಾ ನೋಡ್ತಾ ನನಗ ನಿದ್ದಿ ಹಾರಿತು, ಎರಡು ವಂಶ ಇಲ್ಲವ ಇಲ್ಲ, ಒಂದನ್ನ ಎರಡು ಸಲ ಬರದಾರ ಅಂತ ಪಕ್ಕಾ ಆತು, ಮನಿಯಾಕಿಗೆ ರಾತ್ರಿ ಹನ್ನೊಂದಕ್ಕ ಎಬ್ಬಿಸಿ ಹೇಳಿದೆ, ಆಕಿ ಬೆಳಿಗ್ಗೆ ಹಾಲು ತರೋದು ನೆನಪಿಡ್ರಿ ಅಂದು ಮಕ್ಕೊಂಡ್ಲು.

ಆಮ್ಯಾಲೆ ನೋಟ್‌ಬುಕ್ ತಗೊಂಡು ಧಾರವಾಡಕ್ಕ ಹೋದೆ, ಶಾಸನ ಓದೋದ್ರಾಗ ಜಲ್ಮ ಸವಿಸಿದ ಹಿರಿಯರೊಬ್ಬರ ಮನಿಗೆ. ಅವರು ಪೂರ್ತಿ ತಿರುವಿ ಹಾಕಿದ್ರು, ನಗಲಿಲ್ಲ, ಗಿರ್ಮಿಟ್ಟು ತಿನಿಸಿದ್ರು, ಚಾ ಕುಡಿಸಿದ್ರು. ಕಡೀಕ ಒಂದ ಮಾತು ಕೇಳಿದ್ರು: "ಮಾಸ್ತರ್ರ, ಹೆಸರೆಲ್ಲಾ ಕೂಡಿಸೀರಿ, ಅಕ್ಷರ ನೋಡೀರೇನು?"

ಇಲ್ರಿ, ನೋಡಿರಲಿಲ್ಲ. ಮುಂದಿನ ರವಿವಾರ ಪಟ್ಟದಕಲ್ಲು, ಅದರ ಮುಂದಿನ ರವಿವಾರ ಲಕ್ಕುಂಡಿ. ಒಂದರ ಅಕ್ಷರ ನೋಡಿ ಇನ್ನೊಂದು ನೋಡಿದ್ರ ಅಜ್ಜನ ಕೈಬರಹ ಮೊಮ್ಮಗನ ಕೈಬರಹ ನೋಡಿದಂಗ. ಪಟ್ಟದಕಲ್ಲಿನಾಗ ನಾ ಒಂದಕ್ಷರ ಗುರುತು ಹಿಡೀಲಿಲ್ಲ. ಲಕ್ಕುಂಡಿಯಾಗ ಅಕ್ಷರ ದುಂಡಗಾಗ್ಯಾವ, ಮುತ್ತು ಪೋಣಿಸಿದಂಗ ಸಾಲಿಗೆ ನಿಂತಾವ, ಕ ಅನ್ನೋದು ನಮ್ಮ ಕ ಹತ್ರ ಹತ್ರ ಬಂದೈತಿ, ತಡಕಾಡಿದ್ರ ನನ್ನಂಥಾವನೂ ನಾಕು ಶಬ್ದ ಓದತಾನ. ಬರೀ ಅಕ್ಷರ ಅಲ್ಲ, ಭಾಷೆನೂ ಬದಲಾಗೇತಿ. ಬಾದಾಮಿ ಕಾಲದ ಕನ್ನಡದಾಗ "ಉಳ್" ಅಂತಿದ್ದದ್ದು ಮುಂದ "ಒಳ್" ಆತು, ಪಾಲು ಹಾಲಾತು, ಪುಲಿ ಹುಲಿಯಾತು, ಪಳ್ಳಿ ಹಳ್ಳಿಯಾತು, ಮತ್ತ ಇದು ಒಂದ ದಿವಸಕ್ಕ ಆದದ್ದಲ್ಲ, ನೂರಾರು ಕಲ್ಲಿನಾಗ ಸಾವಕಾಶ, ಒಂದೊಂದ ಮೆಟ್ಟಲು ಇಳದಂಗ ಕಾಣ್ತೈತಿ. ಒಬ್ಬ ಖೊಟ್ಟಿ ಬರದಾಂವ ಒಂದು ತಾಮ್ರಪಟ ಹುಟ್ಟಿಸಬಹುದು. ಐನೂರು ವರ್ಷ ಜನರ ನಾಲಿಗಿ ಹೆಂಗ ತಿರುಗಿತು ಅನ್ನೋದನ್ನ ಊರೂರ ಕಲ್ಲಿನ ಮ್ಯಾಲೆ ಬರಾಬರಿ ಜೋಡಿಸಿ ಇಡಾಕ ಯಾವನಿಂದ ಆಗ್ತೈತಿ?

ಹೆಸರು ಯಾಕ ಹೊಂದಿದ್ವು ಅನ್ನೋದಕ್ಕ ಕಾರಣ ಭಾಳ ಸರಳ ಇತ್ತು. ಕಲ್ಯಾಣದವರು ನಾವು ಬಾದಾಮಿಯವರ ಕುಲದವರು ಅಂತ ಹೇಳಕೋತಿದ್ರು, ಅದಕ್ಕ ಅವರ ಹೆಸರ ಇಟಗೊಂಡ್ರು. ನಮ್ಮ ಮನಿತನದಾಗ ಹಿರೇಮಗಗ ಅಜ್ಜನ ಹೆಸರ ಇಡ್ತೀವಿ. ಸಾವಿರ ವರ್ಷದ ಮ್ಯಾಲೆ ಯಾರರ ನಮ್ಮ ರೇಶನ್ ಕಾರ್ಡ್ ನೋಡಿ ಅಜ್ಜ ಮೊಮ್ಮಗ ಇಬ್ಬರೂ ಒಬ್ಬನ ಅಂದ್ರ ಹೆಂಗಾಗ್ತೈತಿ ಹೇಳ್ರಿ. ಫೊಮೆಂಕೊ ಅವರ ಪಟ್ಟಿಗೂ ಇದ ರೋಗ. ಹೊಂದೋದನ್ನ ಗುರುತು ಹಾಕಿದ್ರು, ಹೊಂದದ್ದನ್ನ ಬಿಟ್ರು, ಹಂಗ ಮಾಡಿದ್ರ ಯಾವ ಎರಡು ಪಟ್ಟಿನೂ ಹೊಂದ್ತಾವ, ನಮ್ಮ ಓಣಿಯ ಎರಡು ಮನಿಯವು ಸುದ್ದಾ.

ನೋಟ್‌ಬುಕ್ ಇನ್ನೂ ಐತ್ರಿ. ಹಿಂದಿನ ಪುಟದಾಗ ಮನಿಯಾಕಿ ಹಾಲಿನ ಲೆಕ್ಕ ಬರದಾಳ.

ಪ್ರಶ್ನೆ: ಗುರುಗಳೇ ನಮಸ್ಕಾರ. ನಾನು ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮೂರ ಗುಡಿಯ ಹಿಂದ ಒಂದು ಶಾಸನ ಐತಿ, ಒಬ್ಬೊಬ್ಬರು ಒಂದೊಂದು ಕಾಲ ಹೇಳ್ತಾರ, ಒಬ್ಬರಂತೂ ಎರಡು ಸಾವಿರ ವರ್ಷ ಹಳೇದು ಅಂದ್ರು. ಅದರಾಗಿನ ತೇದಿ ಓದಿದ ಮ್ಯಾಲೆ ಅದು ಸರಿ ಐತೋ ಇಲ್ಲೋ ಅಂತ ನಮ್ಮಂಥವರು ನೋಡಾಕ ಬರ್ತದೇನ್ರಿ?
— ಶಿಕ್ಷಕಿ, ಹಾವೇರಿ

ಉತ್ತರ: ಬರ್ತೈತಿ ಬಾಯಾರ, ಶಾಲಿ ಮಕ್ಕಳ ಕೈಲೇನ ಮಾಡಸಬಹುದು. ಶಾಸನದಾಗ ಶಕ ವರ್ಷ, ಸಂವತ್ಸರದ ಹೆಸರು ಎರಡೂ ಇದ್ರ ಹಿಂಗ ಮಾಡ್ರಿ. ಶಕ ವರ್ಷಕ್ಕ 12 ಕೂಡಿಸ್ರಿ, 60ರಿಂದ ಭಾಗಿಸ್ರಿ, ಉಳಿದ ಶೇಷನ ಸಂವತ್ಸರದ ನಂಬರು, ಪ್ರಭವ ಒಂದು, ವಿಭವ ಎರಡು, ಹಿಂಗ ಪಂಚಾಂಗದಾಗಿನ ಪಟ್ಟಿ ಹಿಡಕೊಂಡು ಎಣಿಸಿದ್ರ ಆತು, ಶೇಷ ಸೊನ್ನಿ ಬಂದ್ರ ಕಡೀದು, ಅಕ್ಷಯ. ನಂಬಿಕಿ ಬರಲಿಲ್ಲಂದ್ರ ಮೊನ್ನಿ ಮೊನ್ನಿ ಕ್ರೋಧಿ ಸಂವತ್ಸರಕ್ಕ ಹಚ್ಚಿ ನೋಡ್ರಿ, ಶಕ 1946, ಹನ್ನೆರಡು ಕೂಡಿಸಿದ್ರ 1958, ಶೇಷ 38, ಮೂವತ್ತೆಂಟನೇದು ಕ್ರೋಧಿ.

ಲಕ್ಕುಂಡಿಗೆ ಹಚ್ಚಿ ನೋಡ್ರಿ ಈಗ. ಅತ್ತಿಮಬ್ಬೆ ಬಸದಿ ಕಟ್ಟಿಸಿದ ಶಾಸನದಾಗ ಶಕ 929, ಪ್ಲವಂಗ ಅಂತ ಐತಿ. 941, ಶೇಷ 41, ಪ್ಲವಂಗ ನಲವತ್ತೊಂದನೇದು. ಇಸ್ವಿ 1007. ಪಂಪ ಆದಿಪುರಾಣ ಮುಗಿಸಿದ್ದು ಶಕ 863, ಪ್ಲವ ಸಂವತ್ಸರ. 875, ಶೇಷ 35, ಪ್ಲವ. ಇಸ್ವಿ 941. ಮ್ಯಾಲೆ ಹೇಳಿದ ಶಿರೂರದ 788 ವ್ಯಯಕ್ಕೂ ಹಚ್ಚಿ ನೋಡ್ರಿ, ಶೇಷ 20, ಇಪ್ಪತ್ತನೇದು ವ್ಯಯ. ಸಾವಿರ ವರ್ಷದಿಂದ ಒಂದು ಹಲ್ಲೂ ಜಾರದ ಹಲ್ಲುಗಾಲಿ ಇದ್ದಂಗ ಐತ್ರಿ ಇದು. ನಡುವ ಎಲ್ಲೆರ ಯಾರರ 297 ವರ್ಷ ತುರುಕಿದ್ರ, 297ನ್ನ 60ರಿಂದ ಭಾಗಿಸಿದ್ರ 57 ಉಳೀತೈತಿ, ಮೂರು ಹಲ್ಲು ತಪ್ಪಿ ಗಾಲಿ ಕಟಕ್ ಅಂತಿತ್ತು. ಗದಗಿನ ತಮ್ಮಾ, ನೀನೂ ಇದನ್ನ ಓದು.

ಒಂದೆರಡು ಎಚ್ಚರ ಅದಾವ. ರಾಷ್ಟ್ರಕೂಟರ ಮೊದಲ ಕಾಲ, ಅದಕ್ಕೂ ಹಿಂದಿನ ಶಾಸನಕ್ಕ ಈ ಸೂತ್ರ ಹಚ್ಚಿದ್ರ ಒಂದೆರಡು ವರ್ಷ ಆಚೀಚಿ ಆಗಬಹುದು, ಯಾಕಂದ್ರ ಆಗ ಸಂವತ್ಸರವನ್ನ ಗುರುಗ್ರಹದ ನಡಿಗಿ ಮ್ಯಾಲೆ ಎಣಿಸೋ ಪದ್ಧತಿನೂ ಇತ್ತು. ಕೆಲವು ಕಡೆ ಶಕ ವರ್ಷ ನಡೆಯೋದನ್ನ ಬರೀತಿದ್ರು, ಕೆಲವು ಕಡೆ ಮುಗದದ್ದನ್ನ, ಹಿಂಗಾಗಿ ಒಂದು ವರ್ಷ ಹೆಚ್ಚುಕಡಿಮಿ ಆದ್ರ ಕೂಗಾಡಬ್ಯಾಡ್ರಿ. ಇನ್ನ ನಿಮ್ಮ ಹಾವೇರಿ ಕಡೆ ಭಾಳ ಶಾಸನದಾಗ ಶಕ ಇರೋದಿಲ್ಲ, ಚಾಲುಕ್ಯ ವಿಕ್ರಮ ವರ್ಷ ಇರ್ತೈತಿ. ಆರನೇ ವಿಕ್ರಮಾದಿತ್ಯ ಪಟ್ಟಕ್ಕ ಬಂದಾಂವನ ಶಕ ವರ್ಷ ಬಿಟ್ಟು ತನ್ನದ ಒಂದು ಲೆಕ್ಕ ಶುರು ಮಾಡಿದ, 1076ರಿಂದ. ಅಲ್ಲಿ ಎಷ್ಟು ಬರದೈತಿ ಅದಕ್ಕ 1075 ಕೂಡಿಸ್ರಿ. 37 ಇದ್ರ 1112.

ವರ್ಷ ಆದ ಮ್ಯಾಲೆ ಮಾಸ, ತಿಥಿ, ವಾರ. ಖರೇ ಪರೀಕ್ಷಾ ಇರೋದು ವಾರದಾಗ. ತಿಥಿಗೆ ವಾರ ಹೊಂದಿಸೋದು ಈಗ ಕಂಪ್ಯೂಟರಿನ್ಯಾಗ ಸಲೀಸು, ಮೊದಲ ಸ್ವಾಮಿಕಣ್ಣು ಪಿಳ್ಳೈ ಅವರ ದಪ್ಪ ಕೋಷ್ಟಕ ಇಟಗೊಂಡು ಮಾಡಬೇಕಿತ್ತು. ಹೊಂದಲಿಲ್ಲ ಅಂದಕೂಡ್ಲೆ ಖೊಟ್ಟಿ ಅನಬ್ಯಾಡ್ರಿ, ಕಲ್ಲು ಕಡಿಯೋರಿಗೂ ತಪ್ಪು ಆಗ್ತಿತ್ತು, ದಾನ ಕೊಟ್ಟ ದಿವಸ ಒಂದು, ಕಲ್ಲು ನಿಲ್ಲಿಸಿದ ದಿವಸ ಒಂದು ಇರ್ತಿತ್ತು. ಆದ್ರ ಎರಡು ಸಾವಿರ ವರ್ಷ ಅಂದವರಿಗೆ ಒಂದು ಕೇಳ್ರಿ, ಅಕ್ಷರ ದುಂಡಗ ಅದಾವೋ ಹೆಂಗ ಅಂತ.

ಅಂದಂಗ, ಅಕ್ಷರ ಎದ್ದು ಕಾಣಲಿ ಅಂತ ಸೀಮಿಸುಣ್ಣ, ಹಿಟ್ಟು, ಎಣ್ಣಿ ಏನೂ ಹಚ್ಚಬ್ಯಾಡ್ರಿ. ನಮ್ಮ ಕಡೆ ಎಣ್ಣಿ ಹಚ್ಚಿ ಹಚ್ಚಿ ಕಲ್ಲು ಜಿಡ್ಡು ಹಿಡದು ಕುಂತಾವ, ಓದೋದು ದೂರ, ಮುಟ್ಟಾಕೂ ಆಗಂಗಿಲ್ಲ. ಸಂಜೀಕ ಸೂರ್ಯ ಇಳಿಯೋ ಹೊತ್ತಿಗೆ ಹೋಗ್ರಿ, ಇಲ್ಲಾ ಕತ್ತಲಾದ ಮ್ಯಾಲೆ ಮೊಬೈಲ್ ಟಾರ್ಚನ್ನ ಕಲ್ಲಿನ ಬಗಲಿಗೆ ಅಡ್ಡ ಹಿಡದು ಫೋಟೋ ಹೊಡೀರಿ. ಅಕ್ಷರದ ಗುಂಡಿಯಾಗ ನೆರಳು ಬಿದ್ದು, ಹಗಲೊತ್ತು ಕಾಣದ್ದೆಲ್ಲಾ ಎದ್ದು ಬರ್ತಾವ. ಮಕ್ಕಳನ್ನ ಕರಕೊಂಡು ಹೋದ್ರ ಅವರ ಮೊದಲ ಓದತಾರ ನೋಡ್ರಿ.

ಪ್ರಶ್ನೆ: ಮಹಾಭಾರತ ಯುದ್ಧ ಆಗಿ 3735 ವರ್ಷ ಆತು ಅಂತ ಐಹೊಳಿ ಶಾಸನದಾಗ ಐತಿ ಅಂತ ನೀವ ಬರದಿದ್ರಿ. ಮತ್ತ ಯುದ್ಧ ಯಾವಾಗ ಆತು ಅನ್ನೋದು ಪ್ರೂಫ್ ಆತಲ್ರಿ, ಇನ್ನೇನು ಬೇಕು?
— ಓದುಗರು, ಅಣ್ಣಿಗೇರಿ

ಉತ್ತರ: ಐಹೊಳಿ ಶಾಸನ ಬರದ ಕವಿ ರವಿಕೀರ್ತಿ ಅದನ್ನ ಹೇಳಿದ್ದ ಚಂದ. ಅಂಕಿ ಇಟ್ಟಿಲ್ಲ, ಶ್ಲೋಕದಾಗ ಹೊಂದಿಸ್ಯಾನ, ಮೂವತ್ತು, ಮೂರು ಸಾವಿರ, ಏಳುನೂರು, ಐದು ಅಂತ, ಎಲ್ಲಾ ಕೂಡಿಸಿದ್ರ 3735. ಬೆನ್ನಿಗೇ ಶಕರ ಲೆಕ್ಕ, ಐವತ್ತು, ಆರು, ಐನೂರು, ಅಂದ್ರ 556. ಎರಡೂ ಇಸ್ವಿ 634ಕ್ಕ ಬಂದು ಕೂಡ್ತಾವ. ಇದರಿಂದ ಪಕ್ಕಾ ಆಗೋದು ಏನಂದ್ರ 634ರಾಗ ಒಬ್ಬ ಓದಿದ ಮನಶ್ಯಾ ಯುದ್ಧ ಅಷ್ಟು ಹಿಂದ ಆತು ಅಂತ ನಂಬಿದ್ದ. ಆತ ಯುದ್ಧ ನೋಡಿದಾಂವ ಅಲ್ಲ. ಕಲಿಯುಗದ ಆ ಲೆಕ್ಕ ಆರ್ಯಭಟನ ಹತ್ರನೂ ಐತಿ, 499ಕ್ಕ ಕಲಿ ಶುರು ಆಗಿ 3600 ವರ್ಷ ಆತು ಅಂದಾನ, ಜ್ಯೋತಿಷ್ಯದವರ ಕಡೆಯಿಂದ ಕವಿ ಕಡೆ ಬಂದಿರೋ ಲೆಕ್ಕ ಅದು. ನಮ್ಮವ್ವ ನಮ್ಮ ಮನಿ ಬಾವಿ ಪಾಂಡವರು ತೋಡಿದ್ದು ಅಂತಿದ್ಲು. ಆಕಿ ಹಂಗ ಅಂತಿದ್ಲು ಅನ್ನೋದಕ್ಕ ನಾನ ಸಾಕ್ಷಿ, ಬಾವಿಗಲ್ಲ.

ನೀವು ಅಣ್ಣಿಗೇರಿಯವರು ಅಂದ್ರಿ. ಪಂಪನ ತಾಯಿ ಅಬ್ಬಣಬ್ಬೆ ನಿಮ್ಮೂರ ಕಡೆಯಾಕಿ, ಅದನ್ನ ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದಾಗ ಬಂಡಿಗಲ್ಲಿನ ಮ್ಯಾಲೆ ಬರಸ್ಯಾನ, ಸಂಸ್ಕೃತ, ಕನ್ನಡ, ತೆಲುಗು ಮೂರರಾಗ. ಮಗ ತನ್ನ ತಾಯಿ ತವರಿನ ಬಗ್ಗೆ ಹೇಳೋದು ಬ್ಯಾರೆ, ಕವಿ ಮೂರು ಸಾವಿರ ವರ್ಷದ ಹಿಂದಿನ ಯುದ್ಧದ ಬಗ್ಗೆ ಹೇಳೋದು ಬ್ಯಾರೆ. ಮೊದಲನೇದಕ್ಕ ನಾ ಕಣ್ಣು ಮುಚ್ಚಿ ಹೂಂ ಅಂತೀನಿ.

ಪ್ರಶ್ನೆ: ಲಕ್ಕುಂಡಿ ಕಂಬ ನೋಡಿದ್ರ ಮಶೀನಿನ್ಯಾಗ ಮಾಡಿದಂಗ ಅದಾವ. ಆಗಿನ ಜನರ ಹತ್ರ ಈಗ ಕಳದು ಹೋದ ಯಾವುದೋ ಟೆಕ್ನಾಲಜಿ ಇತ್ತು ಅಂತಾರ. ಕೆಲವರು ಹೊರಗಿನ ಗ್ರಹದವರು ಅಂತಾರ.
— ಓದುಗ, ಹುಬ್ಬಳ್ಳಿ

ಉತ್ತರ: ಮಶೀನಿನ್ಯಾಗ ಮಾಡಿದ್ದ ಅವು, ತಪ್ಪೇನಿಲ್ಲ! ಮಶೀನು ಅಂದ್ರ ಲೇಥು, ಕಲ್ಲನ್ನ ಗರಗರ ತಿರುಗಿಸಿ ಉಳಿ ಹಿಡಿಯೋದು. ಕಂಬದ ಮ್ಯಾಲಿನ ಗೀರು ದುಂಡಗ ಒಂದ ಸಮ ಸುತ್ತಿಕೊಂಡು ಹೋಗ್ತಾವ ನೋಡು, ನಿಂತು ಕೆತ್ತಿದ್ರ ಹಂಗ ಬರಂಗಿಲ್ಲ. ಗುಟ್ಟು ಇರೋದು ಕಲ್ಲಿನಾಗ. ಬಾದಾಮಿ ಪಟ್ಟದಕಲ್ಲಿನ ಕೆಂಪು ಮರಳುಗಲ್ಲು ಬಿಟ್ಟು ಕಲ್ಯಾಣ ಚಾಲುಕ್ಯರ ಕುಶಲಿಗರು ನಮ್ಮ ಕಡೀ ಬಳಪದ ಕಲ್ಲು ಹಿಡದ್ರು. ಖಣಿಯಿಂದ ತಗದಾಗ ಅದು ಮೆತ್ತಗ ಇರ್ತೈತಿ, ಗಾಳಿಗೆ ಬಿದ್ದ ಮ್ಯಾಲೆ ಗಟ್ಟಿ ಆಗ್ತೈತಿ, ಉಜ್ಜಿದ್ರ ಹೊಳೀತೈತಿ. ಹಿಂಗಾಗಿ ಸಣ್ಣ ಕೆಲಸ ಮಾಡಾಕ ಬಂತು, ತಿರುಗಿಸಿ ಕಡಿಯಾಕ ಬಂತು. ಅದ ಕೈ ಮುಂದ ಬೇಲೂರು ಹಳೇಬೀಡಿನಾಗ ಕೆಲಸ ಮಾಡೇತಿ. ಉಣಕಲ್ ಚಂದ್ರಮೌಳೇಶ್ವರ ಗುಡಿ ನಿಮ್ಮ ಮನಿ ಬಾಜೂಕ ಐತಲ್ಲಪಾ, ಮೊದಲ ಅದನ್ನ ನೋಡಿ ಬಾ. ಹೊರಗಿನ ಗ್ರಹದವರು ಇಲ್ಲೀತನಕ ಬಂದು ಕಂಬ ತಿರುವಿ ಕೂಲಿ ತಗೊಳ್ಳದ ಹೋದ್ರು ಅಂದ್ರ ನಾ ನಂಬಂಗಿಲ್ಲ.

ಪ್ರಶ್ನೆ: ಹಂಗಾದ್ರ ನಮ್ಮಂಥಾ ಹವ್ಯಾಸಿಗಳು ಇತಿಹಾಸದ ಬಗ್ಗೆ ಬಾಯಿ ಬಿಡಬಾರದೇನ್ರಿ? ಬರೇ ಪ್ರೊಫೆಸರ್ ಹೇಳಿದ್ದ ಖರೇನು?
— ಓದುಗರು, ರಾಣೇಬೆನ್ನೂರು

ಉತ್ತರ: ನಾ ಎಲ್ಲಿ ಹಂಗಂದೆ? ನಮ್ಮ ಕಡೀ ಇತಿಹಾಸ ಮೊದಲ ಒಟ್ಟು ಹಾಕಿದವರ ಹವ್ಯಾಸಿಗಳು. ವಾಲ್ಟರ್ ಎಲಿಯಟ್ 1824ರಾಗ ಕಿತ್ತೂರಿನಾಗ ಚನ್ನಮ್ಮನ ಕಡೆಯವರ ಕೈಯಾಗ ಸೆರಿ ಸಿಕ್ಕ ಅಧಿಕಾರಿ, ಅದ ಮನಶ್ಯಾ ಮುಂದ ಊರೂರು ತಿರುಗಿಸಿ 595 ಶಾಸನದ ನಕಲು ಮಾಡಿಸಿಟ್ಟ. ಫ್ಲೀಟ್ ಸಾಹೇಬನೂ ಸರ್ಕಾರಿ ನೌಕರಿಯವನ, ನಮ್ಮ ಕಡೀ ಕನ್ನಡ ಕಲ್ತು ಸಂಗೊಳ್ಳಿ ರಾಯಣ್ಣನ ಲಾವಣಿ ಸುದ್ದಾ ಕೂಡಿಸಿ ಅಚ್ಚು ಹಾಕಿಸಿದ. ಮತ್ತ ಖೊಟ್ಟಿ ತಾಮ್ರಪಟ ಹಿಡಿಯೋದ್ರಾಗ ಅಂವ ಮಹಾ ಬೆರಕಿ. ಜಮೀನಿನ ಆಸೆಕ್ಕ ಹಳೇ ರಾಜನ ಹೆಸರಿನ್ಯಾಗ ತಾಮ್ರಪಟ ಹುಟ್ಟಿಸೋರು ಆಗೂ ಇದ್ರು, ತಹಶೀಲ್ದಾರ್ ಕಚೇರಿ ನೋಡಿದವರಿಗೆ ಇದೇನ ಹೊಸದಲ್ಲ. ಗಂಗರ ತಾಮ್ರಪಟ ಭಾಳಷ್ಟು ಖೊಟ್ಟಿ ಅಂತ ಫ್ಲೀಟ್ ವರ್ಷಗಟ್ಟಲೆ ಜಗಳ ಆಡಿದ. ಕಡೀಕ ಪೆನುಗೊಂಡೆ ತಾಮ್ರಪಟ ಕೈಗೆ ಬಂದಾಗ ಅಕ್ಷರ ನೋಡಿ, ಇದು ಮಾತ್ರ ಖರೇ ಅಂತ ತಾನ ಒಪ್ಪಿಕೊಂಡ.

ನೀವೂ ಬರೀರಿ. ನಿಮ್ಮೂರ ಕಲ್ಲಿನ ಫೋಟೋ, ಬಗಲಿಗೆ ಟಾರ್ಚ್ ಹಿಡದು ತಗದದ್ದು, ಜೋಡಿಗೆ ಕಳಸ್ರಿ. ಎಣ್ಣಿ ಹಚ್ಚಿದ್ದು ಬ್ಯಾಡ.